ಹಾವಗೆಪ್ಪ ತೋರಿಸಿದ ಧಬಧಬೆ

"ಸುಂದರಾ, ಹಿಂದೂಸ್ತಾನದಾಗ ನೀರು ಎಲ್ಲೆಲ್ಲಿ ಮ್ಯಾಲಿಂದ ಬೀಳ್ತದೋ, ಅಲ್ಲೆಲ್ಲಾ ನಿನ್ನ ನಿಂದ್ರಿಸಿ ತೋರಸ್ತೇನಿ. ಒಂದೂ ಬಿಡೂದಿಲ್ಲ!"

ಭಾಲ್ಕಿಯ ತೊಗರಿ ದಲಾಲ ಹಾವಗೆಪ್ಪ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಸೊಲ್ಲಾಪುರದ ನಿರಾಶ್ರಿತರ ಶಿಬಿರದಲ್ಲಿ. ಹೆಂಡತಿ ಸುಂದರಬಾಯಿ ಅರ್ಧ ಕೊಡ ನೀರಿಗಾಗಿ ಮುಂಜಾನೆಯಿಂದ ಸಾಲಿನಲ್ಲಿ ನಿಂತು, ಕಾಲು ಕೊಡ ತಂದ ಹೊತ್ತಿನಲ್ಲಿ! ಆ ಬೇಸಿಗೆ, ನಿಜಾಮನ ಪರ ಲೂಟಿಗಿಳಿದ ರಜಾಕಾರರ ಅಂಜಿಕೆಗೆ ಅವನ ಸೀಮೆ ಬಿಟ್ಟು ಗಡಿ ದಾಟಿದವರಲ್ಲಿ ಈ ಗಂಡಹೆಂಡತಿಯೂ ಇದ್ದರು. ಅವರ ಗುಡಾರದ ಕಂಬಕ್ಕೆ ಜವಳಿ ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಹಾಳೆಗೊಂದು ಜಲಪಾತ, ಹಾವಗೆಪ್ಪನ ಬಾಯಲ್ಲಿ ಧಬಧಬಿ. ಗೋಕಾಕ, ಶಿವನಸಮುದ್ರ, ಜಬಲ್ಪುರದ ಕಡೆ ಹೊಗೆಯಾಗಿ ಏಳುವ ನರ್ಮದೆ. ಎಲ್ಲಕ್ಕೂ ಮಿಗಿಲಾಗಿ ಗೇರುಸೊಪ್ಪೆ. ಬಾಯಾರಿದಾಗ ಉಳಿದವರು ಕೊಡ ಬಗ್ಗಿಸುತ್ತಿದ್ದರು, ಹಾವಗೆಪ್ಪ ಕ್ಯಾಲೆಂಡರ್ ತಿರುವುತ್ತಿದ್ದ.

"ಮೊದಲ ಒಂದು ಕೊಡ ತುಂಬಿದ್ದು ತೋರಸ್ರಿ," ಎಂದಳು ಸುಂದರಬಾಯಿ.

"ನಿಜಾಮ ಬೀಳಲಿ, ನೋಡೀಯಂತ! ಅವ ಬಿದ್ದ ಮರುದಿನಾನೇ ನಾವು ಗಾಡಿ ಹತ್ತೋದು. ಕೊರಳಾಗ ನಿಮ್ಮವ್ವನ ಬೋರಮಾಳ ಹಾಕ್ಕೊಂಡು ನೀ ಗೇರುಸೊಪ್ಪಿ ಮುಂದ ನಿಂದ್ರತಿ. ಧಬಧಬಿನೇ ನಾಚಿ ಒಂದು ಕ್ಷಣ ನಿಂತಿರಬೇಕು!"

ಬೋರಮಾಳದ ಮಾತು ಬಂದಾಗಲೆಲ್ಲ ಸುಂದರಬಾಯಿಗೆ ಕೊಡದೊಳಗೆ ಇಣುಕಿ ನೋಡುವ ಕೆಲಸ ಬಂದುಬಿಡುತ್ತಿತ್ತು.

ಆ ಬಂಗಾರದ ಸರ ಭಾಲ್ಕಿಯ ಮನೆಯ ಮಾಳಿಗೆಯ ಮಣ್ಣಿನಲ್ಲಿ ಹೂತಿತ್ತು. ಅದು ಹಾವಗೆಪ್ಪನ ಬುದ್ಧಿಯ ಪರಾಕಾಷ್ಠೆ! "ಎಲ್ಲಾರೂ ನೆಲದಾಗ ಹುಗೀತಾರ, ಲೂಟಿ ಮಾಡಾವ್ರೂ ನೆಲಾನೇ ಅಗೀತಾರ. ಆಕಾಶ ಅಗಿಯೋ ಮಗ ಇನ್ನೂ ಹುಟ್ಟಿಲ್ಲ!" ಎಂದಿದ್ದ. ಊರು ಬಿಡುವ ಹಿಂದಿನ ಮಧ್ಯಾಹ್ನ, ಓಣಿಯೆಲ್ಲ ಬಿಸಿಲಿಗೆ ಕಣ್ಣುಮುಚ್ಚಿದ್ದಾಗ, ಸರವನ್ನು ಹಿತ್ತಾಳೆ ತಂಬಿಗೆಗೆ ಹಾಕಿ ಹೆಂಡತಿಯ ಕೈಗೆ ಕೊಟ್ಟ. ಮನೆಯ ಗಂಟಿಗೆ ಮನೆಯ ಹೆಣ್ಣುಮಗಳೇ ಗಂಟು ಹಾಕಬೇಕು, ಇಲ್ಲದಿದ್ದರೆ ಬರಕತ್ ಇಲ್ಲ ಎಂಬುದು ಅವರ ಮನೆತನದ ನೇಮ. ಆಕೆ ಒಳಗೆ ಹೋಗಿ ಬಾಯಿಗೆ ಬಟ್ಟೆ ಬಿಗಿದು ತಂದಳು. ಅಲ್ಲಾಡಿಸಿದ. ಗಲಗಲ ಎಂದಿತು. ಮಾಳಿಗೆ ಹತ್ತಿ ಹೂತು, ಗುರುತಿಗೆ ಒಡೆದ ಗಡಿಗೆಯ ಬೋಕಿಯೊಂದನ್ನು ಮೇಲಿಟ್ಟು ಇಳಿದ.

ಈ ಮಾಳಿಗೆಯ ಸಂಗತಿ ಸ್ವಲ್ಪ ಹೇಳಬೇಕು. ಹಾವಗೆಪ್ಪನದೂ ಪಕ್ಕದ ಟಾಂಗಾ ಯಾಕೂಬನದೂ ಗೋಡೆಗೆ ಗೋಡೆ ಹತ್ತಿದ ಮನೆಗಳು. ಮೇಲೆ ಒಂದೇ ಮಣ್ಣಿನ ಮಾಳಿಗೆ. ಯಾಕೂಬನ ಕಡೆ ಎತ್ತರ, ಹಾವಗೆಪ್ಪನ ಕಡೆ ಇಳುಕಲು. ಎರಡೂ ಮನೆಯ ಮಳೆನೀರು ಹರಿದು ಬಂದು ಹಾವಗೆಪ್ಪನ ಅಂಚಿನ ಒಂದೇ ಹರನಾಳಿಗೆಯಿಂದ ಓಣಿಗೆ ಬೀಳಬೇಕು. ವರ್ಷವರ್ಷ ಮಳೆಗಾಲ ತೆರೆಯುವ ಮಿರಗದ ಮಳೆಗೆ ಮುಂಚೆ ಇಬ್ಬರೂ ಕೂಡಿ ಬಿಳಿಮಣ್ಣು ಹೊತ್ತು, ಹರವಿ, ತುಳಿದು, ಇಳುಕಲು ತಿದ್ದುತ್ತಿದ್ದರು. ಆಮೇಲೆ ದೀಪಾವಳಿಯವರೆಗೆ ಮಾಳಿಗೆಗೆ ಸಲಿಕೆ ಸೋಕಿಸುವಂತಿಲ್ಲ. ಅವರಪ್ಪಂದಿರ ಕಾಲದಿಂದ ಬಂದ ಕಾನೂನು. ನಿಜಾಮನ ಕಾನೂನಿಗಿಂತ ಗಟ್ಟಿ.

ಕೊನೆಗೆ ಸೆಪ್ಟೆಂಬರದಲ್ಲಿ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆಯಿತು. ನಿಜಾಮ ಬಿದ್ದ! ಹಾವಗೆಪ್ಪ ಕ್ಯಾಲೆಂಡರನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟು, ಹೆಂಡತಿಯನ್ನು ಔರಾದ ಸೀಮೆಯ ಸಂತಪುರದ ತವರಿನಲ್ಲಿ ಬಿಟ್ಟು, ತಾನೇ ಮುಂದಾಗಿ ಭಾಲ್ಕಿಗೆ ಹೊರಟ.

"ಬೋರಮಾಳ ತಗದು, ಗಾಡಿ ವ್ಯಾಳ್ಯಾ ತಿಳಕೊಂಡು ಹೇಳಿ ಕಳಸ್ತೇನಿ. ಟ್ರಂಕ್ ತುಂಬಿಕೊಂಡು ಬಂದುಬಿಡು!"

"ಮಳಿಗಾಲ ಅದರೀ. ಮಾಳಗಿ ಮುಟ್ಟಬ್ಯಾಡ್ರಿ. ನಾ ಬಂದ ಮ್ಯಾಲೆ..."

"ಮಳಿಗಾಲದಾಗೇ ನೋಡಬೇಕು ಧಬಧಬಿ! ಬ್ಯಾಸಗ್ಯಾಗ ಹೋಗಿ ಬರೇ ಕಲ್ಲು ನೋಡೂದೇನು?"

"ಹಂಗಲ್ಲರೀ, ಆ ಬೋರಮಾಳ..." ಎಂದು ಸುಂದರಬಾಯಿ ಬಾಯಿ ತೆರೆದಳು. ಚಕ್ಕಡಿ ಹೊರಟೇ ಬಿಟ್ಟಿತು. ಗೇರುಸೊಪ್ಪೆಯ ಸದ್ದು ಕಿವಿ ತುಂಬಿದವನಿಗೆ ಹೆಂಡತಿಯ ಮಾತು ಕೇಳಿಸುವುದು ಹೇಗೆ?

ಭಾಲ್ಕಿಯಲ್ಲಿ ಓಣಿಯ ಅರ್ಧ ಮಾಳಿಗೆಗಳು ಹೊಸ ಮಣ್ಣು ಕಾಣದೆ, ಸೋರಿ, ಕುಸಿದು ಕೂತಿದ್ದವು. ಹಾವಗೆಪ್ಪನ ಮನೆ ಮಾತ್ರ ಒಣಗಿ ಖಡಕ್ಕಾಗಿತ್ತು! ಟಾಂಗಾದ ಮೂಕಿಯನ್ನು ನೆಲಕ್ಕೂರಿ, ಕುದುರೆಯ ಪಕ್ಕ ಸುಮ್ಮನೆ ಕೂತಿದ್ದ ಯಾಕೂಬ ಎದ್ದು ಬಂದ.

"ಬರ್ರಿ ಹಾವಗೆಪ್ಪಣ್ಣ! ಜೀವಂತ ಬಂದ್ರಲ್ಲ, ಅಲ್ಲಾ ದೊಡ್ಡಾವ. ವೈನಿ ಎಲ್ಲಿ?"

"ಬರ್ತಾಳ. ಟಾಂಗಾ ಯಾಕ ಕಟ್ಟಿಲ್ಲ?"

"ಈಗ ನನ್ನ ಟಾಂಗಾ ಯಾರು ಹತ್ತತಾರ್ರೀ?" ಎಂದು ಯಾಕೂಬ ಓಣಿಯ ಎರಡೂ ತುದಿ ನೋಡಿದ. ಬೇಸಿಗೆಯಲ್ಲಿ ಹಾವಗೆಪ್ಪನಂಥವರು ಹೀಗೆ ಅಂಜಿ ನೋಡುತ್ತಿದ್ದರು, ಈಗ ಯಾಕೂಬನಂಥವರು.

"ನಾ ಹತ್ತತೇನಿ!" ಹಾವಗೆಪ್ಪ ಎದೆ ತಟ್ಟಿಕೊಂಡ. "ಗೇರುಸೊಪ್ಪಿಗೆ ಹೊಂಟೀವಿ. ಸ್ಟೇಶನ್ ತನಾ ನಿಂದೇ ಟಾಂಗಾ. ನಿನ್ನ ಮೈಗೆ ಯಾರು ಕೈ ಹಚ್ಚತಾರ ನೋಡ್ತೇನಿ. ನಾ ಇದ್ದೀನಿ!"

ಎರಡನೆಯ ಪ್ರತಿಜ್ಞೆ. ಹಾವಗೆಪ್ಪನಿಗೆ ಪ್ರತಿಜ್ಞೆಗಳಿಗೆ ಎಂದೂ ಬರವಿರಲಿಲ್ಲ.

ಮರುದಿನ ಮುಂಜಾನೆ ಸಲಿಕೆ ಹಿಡಿದು ಮಾಳಿಗೆ ಹತ್ತಿದ. ಬೋಕಿ ಇಲ್ಲ! ಎಲ್ಲೆಲ್ಲೂ ಹೊಸ ಬಿಳಿಮಣ್ಣು, ತುಳಿದು ನುಣುಪಾಗಿ, ಹಾಸಿದ ಹಚ್ಚಡದಂತೆ ಮಲಗಿದೆ. ಎಲ್ಲಿ ಹೂತಿದ್ದು? ಹರನಾಳಿಗೆಯ ಹತ್ತಿರವೋ, ಬೆಳಕಿಂಡಿಯ ಹತ್ತಿರವೋ? ಇಲ್ಲೊಂದು ಗುಂಡಿ ತೋಡಿದ. ಅಲ್ಲೊಂದು ತೋಡಿದ. ನಡುವೆ ಮೂರನೆಯದು. ಹಂದಿ ಹೊಕ್ಕ ಗೆಣಸಿನ ಹೊಲ ಕೂಡ ಇದಕ್ಕಿಂತ ಮರ್ಯಾದೆಯಿಂದ ಇರುತ್ತದೆ!

ಎದುರುಮನೆಯ ಕಿರಾಣಿ ಕಾಶೀರಾಮ ಕೆಳಗಿನಿಂದ ಕೂಗಿದ: "ಹಾವಗೆಪ್ಪಾ, ತಲಿ ಕೆಟ್ಟದೇನು? ಹಸ್ತಾ ಮಳಿ ಹೊಸ್ತಿಲಕ್ಕ ಬಂದದ, ಮಾಳಗಿ ಅಗೀಲಿಕ್ಕತ್ತಿ!"

"ನನ್ನ ಗುರುತೇ ಹೋಗ್ಯದೋ ಕಾಶೀರಾಮ! ಯಾರೋ ಹೊಸಾ ಮಣ್ಣು ಹಾಕ್ಯಾರ!"

"ಯಾರೋ ಏನು? ಯಾಕೂಬ ಹಾಕ್ಯಾನ. ನೀ ಇಲ್ಲದಾಗ ಒಬ್ಬಾವನೇ ಎಂಟು ದಿನ ನಿನ್ನ ಮಾಳಗಿ ಮ್ಯಾಲೆ ಇದ್ದ."

"ಹೌದಾ?"

"ಹೂಂ," ಎಂದ ಕಾಶೀರಾಮ. ಬಹಳ ಸಣ್ಣ ಹೂಂ. ಆದರೆ ಆ ಹೂಂ ಹಾವಗೆಪ್ಪನ ಕಿವಿಯಲ್ಲಿ ಇಳಿದು, ಹೊಟ್ಟೆಗೆ ಹೋಗಿ, ಮೊಳೆತು, ಮರವಾಗಿ ಕೂತಿತು.

ಅಷ್ಟರಲ್ಲಿ ಸಲಿಕೆಗೆ ಏನೋ ತಾಗಿ ಠಣ್ ಎಂದಿತು. ತಂಬಿಗೆ! ಗಂಟು ಬಿಚ್ಚಿ, ಅಂಗೈಗೆ ಸುರುವಿದ.

ತೊಗರಿಕಾಳು! ಒಂದು ಮುಷ್ಟಿ ಒಣ ತೊಗರಿಕಾಳು!

ಬಂಗಾರ ಹೋದ ಸಂಕಟಕ್ಕಿಂತ ಈ ಕುಚೇಷ್ಟೆ ಹೆಚ್ಚು ಉರಿಸಿತು. ಅಡತಿಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದೇ ತೊಗರಿಯ ಧಾರಣೆ ಕುದುರಿಸುವ ದಲಾಲನಿಗೆ ತೊಗರಿ ಇಟ್ಟು ಅಣಕಿಸುವುದೇ! ಅಡತಿಯ ನೇಮ ಮೌನ. ಅಂದು ಹಾವಗೆಪ್ಪ ಮಾಳಿಗೆಯ ಮೇಲೆ ನಿಂತು ಇಡೀ ಭಾಲ್ಕಿಗೆ ಕೇಳುವಂತೆ ಧಾರಣೆ ಕೂಗಿದ.

"ಯಾಕೂಬಾ! ನನ್ನ ಹೆಂಡ್ತಿ ಬೋರಮಾಳ ನುಂಗೀದೇನೋ!"

ಯಾಕೂಬ ಅಂಗಳಕ್ಕೆ ಬಂದು ಮೇಲೆ ನೋಡಿದ. "ನಾ ಮಣ್ಣು ಹಾಕೀನ್ರೀ ಅಣ್ಣ. ಹಾಕಲಿಲ್ಲಂದ್ರ ನಿಮ್ಮ ಮನಿ ನೆಲಾ ಹಿಡೀತಿತ್ತು. ಬೋರಮಾಳ ಯಾವುದು?"

"ನನಗಽ ಕೇಳ್ತಿ? ಮಾಳಗಿ ಮ್ಯಾಲೆ ಎಂಟು ದಿನ ಏನ್ ಮಾಡಿದಿ?"

"ಮಣ್ಣು ತುಳದೀನ್ರಿ. ಪ್ರತಿ ವರ್ಷ ಇಬ್ಬರ ಕಾಲು ಇರ್ತಿದ್ದವು. ಈ ಸಲ ಎರಡೇ ಕಾಲು. ಅದಕ್ಕ ಎಂಟು ದಿನ."

ಹಾವಗೆಪ್ಪ ಸಲಿಕೆ ಕೆಳಗಿಟ್ಟ. ಆದರೆ ಓಣಿಯಲ್ಲಿ ಮಂದಿ ನೆರೆದಿದ್ದರು. ಕೋಲು ಹಿಡಿದ ಪಡ್ಡೆ ಹುಡುಗರು, ಹಿಂದಿನಿಂದ ಪೊಲೀಸ್ ಚಾವಡಿಯ ಹೊಸ ಅಮೀನ ಸಾಹೇಬನ ಇಬ್ಬರು ಪೇದೆಗಳು. ಆ ದಿನಗಳಲ್ಲಿ ಲೂಟಿ ಎಂಬ ಒಂದು ಮಾತು ಸಾಕಿತ್ತು, ಯಾಕೂಬ ಎಂಬ ಹೆಸರಿದ್ದರೆ ಅದೂ ಬೇಕಿರಲಿಲ್ಲ. ಹಾವಗೆಪ್ಪ ಏಣಿ ಇಳಿಯುವುದರೊಳಗೆ ಯಾಕೂಬನ ರಟ್ಟೆಗೆ ಹಗ್ಗ ಬಿದ್ದಿತ್ತು.

"ಸುಮ್ಮ ಕೇಳಿ ಬಿಡ್ರಿ, ಹೊಡೀಬ್ಯಾಡ್ರಿ," ಎಂದ ಹಾವಗೆಪ್ಪ, ಬಹಳ ಮೆತ್ತಗೆ. ಅಷ್ಟು ಮೆತ್ತಗಿನ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಯಾರಿಗೂ ಕೇಳಿಸಲಿಲ್ಲ. ಯಾಕೂಬನ ಹೆಂಡತಿ ಬಿಸ್ಮಿಲ್ಲಾಬೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕುದುರೆ ಹೇಷಾರವ ಮಾಡಿತು; ಅದೊಂದೇ ಯಾಕೂಬನ ಪರವಾಗಿ ಗಟ್ಟಿಯಾಗಿ ಮಾತಾಡಿದ್ದು.

ಮರುದಿನ ಹಸ್ತಾ ಮಳೆ ಬಂತು. ಬರುವುದೇನು, ಸುರಿಯಿತು! ಯಾಕೂಬನ ಮಾಳಿಗೆಯ ನೀರು ಎಂದಿನಂತೆ ನಂಬಿಕೆಯಿಂದ ಹಾವಗೆಪ್ಪನ ಕಡೆ ಹರಿದು ಬಂತು. ಮೊದಲ ಗುಂಡಿ ತುಂಬಿತು, ಎರಡನೆಯದು ತುಂಬಿತು, ಮೂರನೆಯದು ತಳ ಬಿಟ್ಟಿತು. ಹರನಾಳಿಗೆಯ ದಾರಿ ಮರೆತ ಎರಡು ಮನೆಯ ನೀರು ಧಬಧಬ ಎಂದು ಅಡಿಗೆಮನೆಯ ಒಲೆಯ ಮೇಲೆ ಬಿತ್ತು. ಕೊಡ, ಕೊಪ್ಪರಿಗೆ, ಬುಟ್ಟಿ, ಹೆಡಿಗೆ, ಹಾವಗೆಪ್ಪ ಏನಿಟ್ಟರೂ ತುಂಬಿ ಹರಿಯಿತು. ಹಿಟ್ಟಿನ ಡಬ್ಬಿ ದೋಣಿಯಾಯಿತು. ಗೋಡೆಗೆ ಹಾಕಿದ ಕ್ಯಾಲೆಂಡರಿನಿಂದ ಗೇರುಸೊಪ್ಪೆ ಬಣ್ಣ ಬಿಟ್ಟುಕೊಂಡು ಕೆಳಗಿಳಿಯತೊಡಗಿತು!

ಆಗಲೇ ಬಾಗಿಲಲ್ಲಿ ಚಕ್ಕಡಿ ನಿಂತಿತು. ಗಂಡ ಹೇಳಿ ಕಳಿಸುವವರೆಗೆ ಕಾಯಲು ಮನಸ್ಸು ಒಪ್ಪದೆ ಸುಂದರಬಾಯಿ ಟ್ರಂಕ್ ಸಮೇತ ಬಂದಿದ್ದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಲೆ ನೋಡಿದಳು. ಆಕಾಶ ಕಂಡಿತು.

"ಮಾಳಗಿ ಮುಟ್ಟಬ್ಯಾಡ್ರಿ ಅಂದಿದ್ನಿಲ್ರೀ?"

"ಕಳುವಾಗ್ಯದ ಸುಂದರಾ! ಯಾಕೂಬ ತಗದಾನ! ಬೋರಮಾಳ ತಗದು ತೊಗರಿ ಇಟ್ಟಾನ! ಅಮೀನಗ ಹಿಡಿಸಿಕೊಟ್ಟೀನಿ, ಬಿಟ್ಟಿಲ್ಲ!"

ಸುಂದರಬಾಯಿ ಟ್ರಂಕನ್ನು ನೀರಿನಲ್ಲೇ ಇಳಿಸಿದಳು.

"ಯಾರನ್ನ ಹಿಡಿಸಿಕೊಟ್ರಿ?"

"ಯಾಕೂಬನ್ನ."

"ತೊಗರಿ ನಾ ಇಟ್ಟೀನ್ರಿ."

ನೀರು ಬೀಳುವ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲವೆಂದು ತಿಳಿದು ಆಕೆ ಹತ್ತಿರ ಬಂದಳು. "ತಂಬಗಿ ಬಾಯಿ ಕಟ್ಟು ಅಂತ ನನ್ನ ಕೈಯಾಗ ಕೊಟ್ರಿಲ್ಲ, ಆವಾಗ ಬೋರಮಾಳ ತಗದು ಸೆರಗಿನಾಗ ಕಟ್ಟಿಕೊಂಡೆ. ನೀವು ಅಲ್ಲಾಡಿಸಿ ನೋಡಾವ್ರು ಅಂತ ಗೊತ್ತಿತ್ತು, ತೊಗರಿ ಹಾಕಿದೆ. ಸೊಲ್ಲಾಪುರದಾಗ ನೀವು ಜ್ವರ ಬಂದು ಮಲಗಿದ್ರಿ, ಔಷಧ ಎಲ್ಲಿಂದ ಬಂತು? ಅಷ್ಟು ತಿಂಗಳು ರೊಟ್ಟಿ ಉಂಡ್ರಿ, ಅದು ಎಲ್ಲಿಂದ ಬಂತು?"

"ನಿಮ್ಮಣ್ಣ ಕಳಸ್ಯಾನ ಅಂದಿದ್ದಿ..."

"ನಮ್ಮಣ್ಣ ಯಾವತ್ತರೆ ಯಾರಿಗರೆ ಏನರೆ ಕಳಸ್ಯಾನೇನ್ರಿ? ಒಂದೊಂದು ಗುಂಡು ಮಾರಿ ನಿಮ್ಮ ಹೊಟ್ಟಿಗೆ ಹಾಕಿನಿ. ನಿಮ್ಮ ಆಕಾಶದ ಬುದ್ಧಿ ಹೇಳ್ಕೋತ ನೀವು ಖುಷಿ ಇದ್ರಿ. ಅದೊಂದರೆ ಉಳೀಲಿ ಅಂತ ಬಿಟ್ಟೆ."

ಅಂದರೆ ಬೋರಮಾಳ ನುಂಗಿದವನು ಸಾಕ್ಷಾತ್ ಹಾವಗೆಪ್ಪ!

ಸುಂದರಬಾಯಿ ಒದ್ದೆ ಸೀರೆಯಲ್ಲೇ ಪಕ್ಕದ ಮನೆಗೆ ಓಡಿದಳು. ಬಿಸ್ಮಿಲ್ಲಾಬೀ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಕೇಳಿದಳು: "ವೈನಿ, ಸರಾ ಸಿಕ್ತೇನ್ರಿ?" ಸುಂದರಬಾಯಿ ಮುಚ್ಚಿದ ಬಾಗಿಲಿನ ಮುಂದೆ ಮಳೆಯಲ್ಲೇ ಕೂತುಬಿಟ್ಟಳು.

ಹಾವಗೆಪ್ಪ ಚಾವಡಿಗೆ ಓಡಿದ.

"ಸಾಹೇಬ್ರ, ಯಾಕೂಬನ್ನ ಬಿಡ್ರಿ. ಕಳುವು ಆಗಿಲ್ರಿ."

"ಮತ್ತ ಬಂಗಾರ ಎಲ್ಲದ?" ಎಂದ ಅಮೀನ.

"ತಿಂದೀನ್ರಿ."

ಅಮೀನ ಎದ್ದು ಬಂದು ಅವನ ಬಾಯಿ ಮೂಸಿದ. ಸೇಂದಿಯ ವಾಸನೆ ಬರಲಿಲ್ಲ. "ನಿನ್ನೆ ಕಳುವು ಅಂದಿ, ಇವತ್ತ ತಿಂದೀನಿ ಅಂತಿ. ನಾಳೆ ಏನಂತಿ?"

"ತಪ್ಪು ನಂದ್ರಿ. ಬೇಕಾದ್ರ ನನ್ನ ಒಳಗ ಹಾಕ್ರಿ."

"ನಿನ್ನ ಹ್ಯಾಂಗ ಹಾಕಲಿ? ನೀ ಫಿರ್ಯಾದಿ! ಅವ ಮುಂಜಾನಿ ಲಾರಿಯಾಗ ಬೀದರಕ್ಕ ಹೋದ. ಅಲ್ಲಿ ಇಂಥಾವ್ರು ಜೇಲು ತುಂಬ ಅದಾರ. ಪಾಳಿ ಬಂದಾಗ ವಿಚಾರಣೆ ಆಗ್ತದ. ಮ್ಯಾಲಿಂದ ಬಿದ್ದ ನೀರು ತಿರುಗಿ ಮ್ಯಾಲೆ ಹತ್ತಿದ್ದು ಎಲ್ಲ್ಯರೆ ನೋಡಿಯೇನು?"

ದೇಶದ ಜಲಪಾತಗಳ ವಿಷಯದಲ್ಲಿ ಪಂಡಿತನಾಗಿದ್ದ ಹಾವಗೆಪ್ಪ, "ಇಲ್ರಿ," ಎಂದ.

ದೇಶ ಸುತ್ತಬೇಕೆಂದಿದ್ದವನು ಆ ಚಳಿಗಾಲವೆಲ್ಲ ಬೀದರ ಸುತ್ತಿದ. ಭಾಲ್ಕಿಯಿಂದ ಬೀದರ, ಬೀದರದಿಂದ ಭಾಲ್ಕಿ. ಜೇಲಿನ ಕಲ್ಲು ಗೋಡೆಯ ಮುಂದೆ ನಿಂತು, ಬೇಸಿಗೆಯಲ್ಲಿ ಬರೇ ಕಲ್ಲು ನೋಡಿ ಬರುವ ಯಾತ್ರಿಕನಂತೆ ತಿರುಗಿ ಬರುತ್ತಿದ್ದ. ಸುಂದರಬಾಯಿ ಪಕ್ಕದ ಮನೆಗೆ ರೊಟ್ಟಿ ಕಳಿಸಿದರೆ, ಮೇಲಿನ ಬಟ್ಟೆ ಕೂಡ ಸರಿಯದೆ ಹಾಗೇ ವಾಪಸು ಬರುತ್ತಿತ್ತು. ಒಂದು ದಿನ ಬಿಸ್ಮಿಲ್ಲಾಬೀ ಕುದುರೆಯನ್ನು ಮಾರಿದಳು.

ಮುಂದಿನ ಬೇಸಿಗೆಯ ಕೊನೆಗೆ ಯಾಕೂಬನನ್ನು ಬಿಟ್ಟರು. ಅರ್ಧ ಆಳಾಗಿ ಬಂದ. ಹಾವಗೆಪ್ಪ ಹೋಗಿ ಅಂಗಳದಲ್ಲಿ ನಿಂತ. ಬಾಯಿ ಸೋತಾಗ ಕೈಯಾದರೂ ಮಾತಾಡಲೆಂದು, ಹೆಗಲ ಮೇಲಿನ ಟವಲಿನ ಕೆಳಗೆ ಅಡತಿಯವರಂತೆ ಕೈ ಚಾಚಿದ. ಯಾಕೂಬ ಟವಲನ್ನು ನೋಡಿದ, ಕೈ ಕೊಡಲಿಲ್ಲ, ಒಳಗೆ ಹೋದ.

ಮಿರಗಕ್ಕೆ ಮುಂಚೆ ಮಾಳಿಗೆಯ ಮೇಲೆ ಸಲಿಕೆಯ ಸದ್ದು ಕೇಳಿ ಹಾವಗೆಪ್ಪನ ಜೀವ ಹಿಗ್ಗಿತು. ಬುಟ್ಟಿ ಹಿಡಿದು ಓಡಿ ಏಣಿ ಹತ್ತಿದ. ಯಾಕೂಬ ಒಬ್ಬನೇ ಮಣ್ಣು ತುಳಿಯುತ್ತಿದ್ದ. ಎರಡು ಮನೆಯ ನಡುವೆ ಗೇಣೆತ್ತರದ ಒಡ್ಡು ಎದ್ದಿತ್ತು. ಆಚೆಗೆ ಇಳುಕಲು ತಿರುವಿ, ತನ್ನ ಅಂಚಿಗೆ ಯಾಕೂಬ ಹೊಸ ಹರನಾಳಿಗೆ ಕೂಡಿಸಿದ್ದ.

"ಯಾಕೂಬಭಾಯ್, ನಾನೂ ತುಳೀತೇನಿ. ನಾಲ್ಕು ಕಾಲು ಆಗ್ತಾವ..."

"ಬ್ಯಾಡ್ರಿ ದಲಾಲ್ ಸಾಬ್," ಎಂದ ಯಾಕೂಬ, ತಲೆ ಎತ್ತದೆ. ಅಣ್ಣ ಎಂಬುದು ಬೀದರದಲ್ಲೇ ಉಳಿದಿತ್ತು. "ಇನ್ನ ನನ್ನ ಮಣ್ಣು ನಿಮ್ಮ ಕಡೆ ಬರೂದಿಲ್ಲ. ನನ್ನ ನೀರೂ ಬರೂದಿಲ್ಲ."

ಮೊದಲ ಮಳೆ ಜೋರಾಗಿಯೇ ಬಂತು. ಗುಂಡಿಗಳನ್ನು ಹಾವಗೆಪ್ಪ ಒಬ್ಬನೇ ಮುಚ್ಚಿ ತುಳಿದಿದ್ದ; ಮನೆಯೊಳಗೆ ಒಂದು ಹನಿ ಸೋರಲಿಲ್ಲ. ಪಕ್ಕದ ಹೊಸ ಹರನಾಳಿಗೆಯಿಂದ ಯಾಕೂಬನ ಪಾಲಿನ ನೀರು ದಪ್ಪ ಧಾರೆಯಾಗಿ, ಬೆಳ್ಳಗೆ, ಓಣಿಯ ಕಲ್ಲಿನ ಮೇಲೆ ಬಿದ್ದು ಹೊಗೆಯಾಗಿ ಏಳುತ್ತಿತ್ತು. ಹಾವಗೆಪ್ಪ ಹೊಸ್ತಿಲಲ್ಲಿ ನಿಂತಿದ್ದ.

ಸುಂದರಬಾಯಿ ಬಂದು ಬಾಗಿಲಿಗೆ ಕಂಬಳಿ ಹಾಸಿದಳು. ಬರಿಯ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡು ಕೂತಳು.

"ಕೂಡ್ರಿ. ಧಬಧಬಿ ತೋರಸ್ತೇನಿ ಅಂದಿದ್ರಿಲ್ಲ, ತೋರಿಸೀರಿ. ಇನ್ನ ಇಬ್ಬರೂ ಸಾಯೂತನಾ ನೋಡ್ಕೋತ ಕೂಡೂಣು."