ದೊಡ್ಡವರಿಗೆ ಸ್ಪಷ್ಟ, ಚಿಕ್ಕವರಿಗೆ ಮಸುಕು

ಮನುಷ್ಯನಿಗೆ ಶತ್ರುಗಳು ಹೊರಗಿನಿಂದ ಬರಬೇಕಾಗಿಲ್ಲ, ಬೀಗರಿದ್ದರೆ ಸಾಕು ಎಂಬುದು ಕರಕೋಲ್ ಊರಿನ ಮೆದೆರ್‌ಬೆಕ್‌ನ ದೃಢವಾದ ಅಭಿಪ್ರಾಯ. ಮಗಳನ್ನು ತಲಾಸ್ ಕಡೆಯ ಮನೆತನಕ್ಕೆ ಕೊಟ್ಟಾಗ ಆ ಬೀಗರು ಮದುವೆಯ ವಿಡಿಯೋವನ್ನು ನಗರದ ಸ್ಟುಡಿಯೋದಲ್ಲಿ ಡಿಸ್ಕ್ ಮಾಡಿಸಿ ಕಳಿಸಿದ್ದರು. ಹಾಕಿದರೆ ಮೊದಲು ಗುಲಾಬಿ ಅರಳುತ್ತದೆ, ಅದರೊಳಗಿಂದ ಎರಡು ಪಾರಿವಾಳ ಹಾರುತ್ತವೆ, ಆಮೇಲೆ ಬಂಗಾರದ ಅಕ್ಷರದಲ್ಲಿ ಬೀಗರ ಮನೆತನದ ಹೆಸರು ಬರುತ್ತದೆ. ಹೆಣ್ಣಿನ ತಂದೆಯಾದ ಮೆದೆರ್‌ಬೆಕ್ ಮಾತ್ರ ಇಡೀ ಡಿಸ್ಕಿನಲ್ಲಿ ಒಂದೇ ಒಂದು ಕಡೆ ಬರುತ್ತಾನೆ, ಅದೂ ಒಂದು ಕಿವಿಯಷ್ಟು. (ಎಡಗಿವಿ. ಹೆಂಡತಿ ಶಾರಿಪಾ ಗುರುತು ಹಿಡಿದಳು.)

ಆ ಕಿವಿ ಎರಡು ವರ್ಷ ಉರಿಯಿತು. ಅವನ ತಾಯಿಗೆ ಎಂಬತ್ತು ತುಂಬಿದ ಹಬ್ಬದಲ್ಲಿ ಸೇಡು ತೀರಿಸಿಕೊಳ್ಳುವ ಅವಕಾಶ ಒದಗಿ ಬಂತು. ಮೆದೆರ್‌ಬೆಕ್‌ನದು ಸಾಮಾನ್ಯ ಕಂಠವಲ್ಲ. ಊರಿನ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗುವುದೇ ಅವನ ಉದ್ಯೋಗ. ಮುಂದೆ ಯಾವ ಚೀಟಿ ಇಟ್ಟರೂ ಅದನ್ನು ರಾಜಾಜ್ಞೆಯಂತೆ ಓದಬಲ್ಲ. ಅಂಥ ಕಂಠದಿಂದ ಅವನು ತಾಯಿಯ ಮೇಲೆ ಒಂದು ಭಾಷಣ ಮಾಡಿದ. ಹೆಂಗಸರು ಅತ್ತರು, ಗಂಡಸರು ಅಳದಂತೆ ನಟಿಸಿದರು, ಕಾಸಿಮಾಲಿ ದೊಡ್ಡಪ್ಪ ಎದ್ದು ಬಂದು ಅಪ್ಪಿಕೊಂಡರು. ಹೊಗಳಿಕೆ ನೆತ್ತಿಗೇರಿದ ಆ ಗಳಿಗೆಯಲ್ಲಿ ಮೆದೆರ್‌ಬೆಕ್ ಶಪಥ ಮಾಡಿಬಿಟ್ಟ.

"ಈ ಹಬ್ಬದ ಡಿಸ್ಕು ಯಾವ ಸ್ಟುಡಿಯೋದಲ್ಲೂ ಅಲ್ಲ, ನನ್ನ ಮನೇಲಿ, ನನ್ನ ಕೈಯಲ್ಲೇ ತಯಾರಾಗುತ್ತೆ! ಇಲ್ಲಿ ಹರಸಿದವರಲ್ಲಿ ಒಬ್ಬರ ಮಾತನ್ನೂ ಕತ್ತರಿಸಲ್ಲ. ಒಬ್ಬರ ಕಿವಿಯನ್ನೂ ಬಿಡಲ್ಲ!"

ಬೀಗಿತ್ತಿ ಉಮ್ಸುನಾಯ್ ಮುಗುಳ್ನಕ್ಕಳು. ಅವಳೂ ಅವಳ ಗಂಡನೂ ಸರೋವರದ ದಂಡೆಯ ಆರೋಗ್ಯಧಾಮದಲ್ಲಿ ಒಂದು ವಾರ ಕಳೆದು ತಲಾಸಿಗೆ ಹಿಂತಿರುಗುವವರಿದ್ದರು. "ಹಾಗಾದ್ರೆ ಹೋಗೋ ಮುಂಚೆ ಊಟಕ್ಕೆ ಬರ್ತೀವಿ ಬೀಗರೇ. ನೋಡ್ಕೊಂಡೇ ಹೋಗೋಣ," ಎಂದಳು. ಆ 'ನೋಡ್ಕೊಂಡೇ' ಎಂಬ ಮಾತಿನಲ್ಲಿ ಎಷ್ಟು ಖಾರ ಇತ್ತೆಂದರೆ ಶಾರಿಪಾ ಅವಳಿಗೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿ ತಣ್ಣಗೆ ಮಾಡಬೇಕಾಯಿತು.

ಮನೆಯಲ್ಲಿ ಕಂಪ್ಯೂಟರ್ ಇತ್ತು. ಮಗಳ ಓದಿಗೆಂದು ತಂದದ್ದು, ಅವಳು ಗಂಡನ ಮನೆಗೆ ಹೋದ ಮೇಲೆ ಕಸೂತಿ ಬಟ್ಟೆ ಹೊದ್ದು ಮೂಲೆಯಲ್ಲಿ ಗೋರಿಯ ಹಾಗೆ ಕೂತಿತ್ತು. ಮೆದೆರ್‌ಬೆಕ್ ಬಟ್ಟೆ ಸರಿಸಿ, ಧೂಳು ಊದಿ, ಹೊಸದೊಂದು ಡಿಸ್ಕ್ ರೈಟರನ್ನು ಅದರ ಹೊಟ್ಟೆಯೊಳಗೆ ಪ್ರತಿಷ್ಠಾಪಿಸಿದ. ಸಂತೆಯಿಂದ ಖಾಲಿ ಡಿಸ್ಕುಗಳ ಒಂದು ಗೋಪುರವನ್ನೇ ತಂದ.

ಹಬ್ಬವನ್ನು ಹಿಡಿದಿದ್ದ ಕ್ಯಾಮೆರಾದ ಟೇಪು ಕಂಪ್ಯೂಟರಿಗೆ ಇಳಿಯಿತು. ಅದನ್ನು ಡಿಸ್ಕಿಗೆ ಒಗ್ಗುವ ರೂಪಕ್ಕೆ ಪರಿವರ್ತಿಸಲು ಇಟ್ಟು, ರಾತ್ರಿ ನಿದ್ದೆ ಮಾಡಿ, ಬೆಳಗ್ಗೆ ನೋಡಿದರೆ ಚಿತ್ರ ಒಂದು ದಾರಿ ಹಿಡಿದಿತ್ತು, ಶಬ್ದ ಇನ್ನೊಂದು ದಾರಿ. ಬಿಳಿಗಡ್ಡದ ಕಾಸಿಮಾಲಿ ದೊಡ್ಡಪ್ಪ ಬಾಯಿ ತೆರೆದರೆ ಬೀಗಿತ್ತಿಯ ಕೀರಲು ದನಿ, "ನಾವು ಹೆಣ್ಣುಮಕ್ಕಳು ಎಷ್ಟು ನಾಜೂಕು," ಎಂದು ಹೇಳುತ್ತಿತ್ತು. ಬೀಗಿತ್ತಿ ಬಾಯಿ ತೆರೆದಾಗ ಹಿತ್ತಲಲ್ಲಿ ಕಟ್ಟಿದ್ದ ಕುರಿ ಅರಚಿತು.

"ಇದನ್ನ ಹೀಗೇ ಬಿಡಿ ರೀ, ಬಹಳ ಚೆನ್ನಾಗಿದೆ," ಎಂದು ಶಾರಿಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗು, ನಗು. ಶಿಶುವಿಹಾರದಲ್ಲಿ ಮಕ್ಕಳಿಗೆ ಮೊಲದ ನಾಟಕ ಕಲಿಸೋಳಿಗೆ ತಂತ್ರಜ್ಞಾನ ಏನು ಗೊತ್ತಾಗುತ್ತೆ?"

ಅವನು ಎರಡು ದಿನ ತಿಣುಕಿದ. ಟೇಪು ಕ್ಷಣಕ್ಕೆ ಇಷ್ಟು ಚಿತ್ರ ಎಂದು ಕೊಟ್ಟರೆ, ಈ ಪ್ರೋಗ್ರಾಮು ಅದಕ್ಕಿಂತ ಒಂಚೂರು ಹೆಚ್ಚು ಎಂದು ಎಣಿಸುತ್ತಿದೆ, ಆ ಒಂಚೂರೇ ಬೆಳೆದು ಬೆಳೆದು ಕುರಿಯ ತನಕ ಬಂದಿದೆ ಎಂದು ಕೊನೆಗೂ ಪತ್ತೆ ಹಚ್ಚಿದ. ಸರಿಪಡಿಸಿ, ಮತ್ತೆ ಪರಿವರ್ತಿಸಿ ನೋಡಿದ. ತುಟಿಗೆ ತುಟಿ, ಮಾತಿಗೆ ಮಾತು ಕೂತಿತ್ತು. ಅಂದು ಬಸ್ ನಿಲ್ದಾಣದಲ್ಲಿ ಅವನು ಬಸ್ಸು ಕೂಗಿದ ಗತ್ತಿಗೆ ಪ್ರಯಾಣಿಕರು ಹತ್ತುವುದನ್ನೇ ಮರೆತು ನಿಂತರಂತೆ. (ಇದು ಅವನೇ ಹೇಳಿದ್ದು.)

ಆದರೆ ಡಿಸ್ಕಿಗೆ ಬರೆಯಲು ಹೊರಟಾಗ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ, ಜಾಗ ಸಾಲದು ಎಂದಿತು. ಒಂದು ಡಿಸ್ಕಿನಲ್ಲಿ ಒಳ್ಳೆಯ ಚಿತ್ರ ಎರಡು ಗಂಟೆ ಹಿಡಿಯುತ್ತದೆ. ಹಬ್ಬದಲ್ಲಿ ನೆಂಟರು ಹರಸಿದ್ದು ಮಧ್ಯಾಹ್ನದಿಂದ ಸಂಜೆಯವರೆಗೆ. ನಮ್ಮವರು ಚುಟುಕಾಗಿ ಹರಸುವ ಜನ ಅಲ್ಲ. ಹರಸುವ ಸರದಿಯ ಬಟ್ಟಲು ಕೈಗೆ ಬಂದರೆ ಪೂರ್ವಜರಿಂದ ಶುರು ಮಾಡಿ ಇನ್ನೂ ಹುಟ್ಟದ ಮೊಮ್ಮಕ್ಕಳವರೆಗೆ ಬಂದೇ ನಿಲ್ಲಿಸುವುದು.

"ಎರಡು ಡಿಸ್ಕ್ ಮಾಡಿ," ಎಂದಳು ಶಾರಿಪಾ.

"ಎರಡನೇ ಡಿಸ್ಕಿಗೆ ಯಾರನ್ನ ಹಾಕ್ಲಿ? ಎರಡನೇ ಡಿಸ್ಕಿಗೆ ಬಿದ್ದೋರು ಸಾಯೋವರೆಗೂ ನಮ್ಮ ಮನೆ ಹೊಸಲು ತುಳೀತಾರಾ?"

ಒಲೆಯ ಹತ್ತಿರ ಉಣ್ಣೆ ನೂಲುತ್ತಿದ್ದ ತಾಯಿ, ಮನೆಮಂದಿಯೆಲ್ಲ ಅಪಾ ಎಂದು ಕರೆಯುವ ಮುದುಕಿ, ಕದಿರು ನಿಲ್ಲಿಸಿ ಕೇಳಿದಳು:

"ಅಲ್ಲ ಕಣೋ, ಒಂದು ಕುರೀನ ಐವತ್ತು ಜನಕ್ಕೆ ಹಂಚಲ್ವೇನೋ ನಾವು? ಮಾಂಸ ಸಾಲಲ್ಲ ಅಂತ ಯಾರನ್ನಾದ್ರೂ ಎಬ್ಬಿಸಿ ಕಳಿಸ್ತೀವಾ? ಸೊಂಟದ ಎಲುಬು ಹಿರಿಯರಿಗೆ, ತೊಡೆ ಅವರಿಗಿಂತ ಕಿರಿಯರಿಗೆ, ಪಕ್ಕೆಲುಬು ಸೊಸೇರಿಗೆ. ಎಲ್ಲರಿಗೂ ಒಂದೊಂದು ತುಂಡು, ಎಲ್ಲರಿಗೂ ಮರ್ಯಾದೆ."

ಮೆದೆರ್‌ಬೆಕ್‌ಗೆ ಜ್ಞಾನೋದಯವಾಯಿತು. ಪ್ರೋಗ್ರಾಮಿನಲ್ಲಿ ವಿಡಿಯೋದ ಒಂದೊಂದು ತುಣುಕಿಗೂ ಎಷ್ಟು ಗುಣಮಟ್ಟ ಎಂದು ಬರೆಯುವ ಪುಟ್ಟ ಚೌಕ ಇತ್ತು. ಹೆಚ್ಚು ಕೊಟ್ಟರೆ ಚಿತ್ರ ಸ್ಪಷ್ಟ, ಜಾಗ ಜಾಸ್ತಿ. ಕಡಿಮೆ ಕೊಟ್ಟರೆ ಮಸುಕು, ಜಾಗ ಉಳಿತಾಯ. ಜಗತ್ತಿನ ಉಳಿದ ಕಡೆ ಜನ ಅದನ್ನು ಹೇಗೆ ತುಂಬುತ್ತಾರೋ ಏನೋ, ಮೆದೆರ್‌ಬೆಕ್ ಮಾತ್ರ ಕುರಿಯ ಎಲುಬು ಹಂಚಿದಂತೆ ತುಂಬಿದ. ಅಪಾಗೆ ಸರ್ವಶ್ರೇಷ್ಠ ಸ್ಪಷ್ಟತೆ. ಕಾಸಿಮಾಲಿ ದೊಡ್ಡಪ್ಪನಿಗೆ ಸೊಂಟದ ಎಲುಬಿನ ದರ್ಜೆ. ಬೀಗಿತ್ತಿಗೂ ಅದೇ, ದೂರದಿಂದ ಬಂದವಳು. ತಮ್ಮನ ಹೆಂಡತಿ ನಾಜಿರಾ ಮನೆಯ ಕಿರಿಸೊಸೆ, ಅವಳಿಗೆ ಪಕ್ಕೆಲುಬು. ತನಗೆ? ಹಬ್ಬದ ಯಜಮಾನ, ಡಿಸ್ಕಿನ ಕರ್ತೃ, ಮರೆಯಲಾಗದ ಭಾಷಣದ ಭಾಷಣಕಾರ. ತನಗೂ ಸೊಂಟದ ಎಲುಬನ್ನೇ ಹಾಕಿಕೊಂಡ.

ಶಾರಿಪಾ ಹಿಂದಿನಿಂದ ಬಗ್ಗಿ ನೋಡಿದಳು. "ನಿಮ್ಮ ಭಾಷಣಕ್ಕೆ ಪಕ್ಕೆಲುಬೇ ಸಾಕು ರೀ."

"ಯಾಕೆ?"

"ಸ್ವಲ್ಪ ಮಸುಕಾಗಿದ್ರೆ ಒಳ್ಳೇದು ಅಂತ. ನನ್ನ ಮಾತು ಕೇಳಿ."

"ಗಂಡ ನಾಲ್ಕು ಜನರ ಎದುರು ಎದ್ದು ಕಾಣಬಾರದು ಅಂತ ಹೊಟ್ಟೆಕಿಚ್ಚಾ ನಿನಗೆ?"

ಅವಳು ಒಳಗೆ ಹಿಟ್ಟು ನಾದಲು ಹೋದಳು. ಕಂಪ್ಯೂಟರ್ ಪರದೆಯ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಿಟಕಿಯಲ್ಲಿ ಮೆದೆರ್‌ಬೆಕ್ ತನ್ನ ಭಾಷಣವನ್ನು ಮತ್ತೆ ಮತ್ತೆ ನೋಡಿ ಪರೀಕ್ಷಿಸಿದ. ಅದರಲ್ಲಿ ತನ್ನನ್ನು ಬಿಟ್ಟು ಬೇರೆ ಯಾರನ್ನೂ ಅವನು ನೋಡಲಿಲ್ಲ.

ಇನ್ನು ಡಿಸ್ಕ್ ಸುಡುವ, ಅಂದರೆ ಚಿತ್ರವನ್ನು ಅದಕ್ಕೆ ಬರೆಯುವ ಮಹಾಯಜ್ಞ. ಮೊದಲನೆಯದು ಇನ್ನೇನು ಮುಗಿಯಿತು ಅನ್ನುವಾಗ ಕೆಟ್ಟಿತು. ಎರಡನೆಯದಕ್ಕೂ ಅದೇ ಗತಿ. ಅಪಾಗೆ ಇದು ಯಾರದೋ ಕೆಟ್ಟ ಕಣ್ಣಿನ ಕೆಲಸವೆಂದು ಖಾತ್ರಿಯಾಯಿತು. (ಯಾರದ್ದೆಂದು ಹೇಳಲಿಲ್ಲ, ತಲಾಸಿನ ದಿಕ್ಕಿಗೆ ನೋಡಿದಳು.) ದೃಷ್ಟಿ ತೆಗೆಯುವ ಅರ್ಚಾ ಸೊಪ್ಪಿಗೆ ಬೆಂಕಿ ಹಚ್ಚಿ ಕಂಪ್ಯೂಟರಿನ ಸುತ್ತ ಹೊಗೆ ಆಡಿಸಿದಳು. ಕಂಪ್ಯೂಟರಿನ ಫ್ಯಾನು ಆ ಹೊಗೆಯನ್ನು ಭಕ್ತಿಯಿಂದ ಒಳಗೆಳೆದುಕೊಂಡು ಕೆಮ್ಮಿದ ಹಾಗೆ ಶಬ್ದ ಮಾಡಿತು. ಮೂರನೆಯ ಡಿಸ್ಕೂ ಹೋಯಿತು.

"ಅಪಾ, ದಯವಿಟ್ಟು! ಇದು ವಿಜ್ಞಾನ!"

"ನಿನ್ನ ವಿಜ್ಞಾನಕ್ಕೆ ಮೊದ್ಲೆರಡು ಹೋಯ್ತಲ್ಲ, ನನ್ನ ಹೊಗೆಗೆ ಒಂದೇ ಹೋಗಿದ್ದು," ಎಂದಳು ಅಪಾ.

ನಾಲ್ಕನೆಯದರ ಹೊತ್ತಿಗೆ ಶಾರಿಪಾ ವಿದ್ಯುತ್ ಕೆಟಲ್ ಹಾಕಿದಳು, ದೀಪ ಮಂಕಾಯಿತು, ಡಿಸ್ಕು ಸತ್ತಿತು. ಅಂದಿನಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕೆಟಲ್ ನಿಷೇಧ, ಇಸ್ತ್ರಿ ನಿಷೇಧ, ಕಂಪ್ಯೂಟರ್ ಇರುವ ಕೋಣೆಯಲ್ಲಿ ಜೋರಾಗಿ ನಡೆಯುವುದು ನಿಷೇಧ. ಶಾರಿಪಾ ಅಂಗಳದಲ್ಲಿ ಸೌದೆಯ ಸಮೋವರ್ ಹಚ್ಚಿ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಗಂಡನಿಗೆ ಚಹಾ ಮಾಡಿದಳು. ಸತ್ತ ಡಿಸ್ಕುಗಳನ್ನು ಅಪಾ ಹಕ್ಕಿ ಓಡಿಸಲೆಂದು ಜರ್ದಾಲು ಮರಕ್ಕೆ ಕಟ್ಟಿದಳು. ಮರ ಎಷ್ಟು ಥಳಥಳಿಸತೊಡಗಿತೆಂದರೆ ದಾರಿಹೋಕರು, ಈ ಮನೆಯಲ್ಲಿ ಏನು ಮದುವೆಯೇ ಎಂದು ಕೇಳಿದರು.

ಕೊನೆಗೆ ಮೆದೆರ್‌ಬೆಕ್ ಬರೆಯುವ ವೇಗವನ್ನು ಇಳಿಸಿ ಇಳಿಸಿ ಎಲ್ಲಕ್ಕಿಂತ ಕೆಳಗಿನದಕ್ಕೆ ತಂದ. ಸಂತೆಯ ಡಿಸ್ಕು ಮುದಿ ಎತ್ತಿನಂತೆ, ಅವಸರಪಡಿಸಿದರೆ ಮಲಗುತ್ತದೆ, ನಿಧಾನ ಬಿಟ್ಟರೆ ಗುರಿ ಸೇರುತ್ತದೆ. ಸೇರಿತು! ಟ್ರೇ ಹೊರಗೆ ಬಂತು. ಬಿಸಿಬಿಸಿಯಾದ ಡಿಸ್ಕನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಅವನು ಕೋಣೆಯಿಂದ ಹೊರಬಂದಾಗ ಕಣ್ಣು ತುಂಬಿತ್ತು. ಶಾರಿಪಾಗೂ ಹೆಮ್ಮೆಯಾಯಿತು, ಸುಳ್ಳು ಹೇಳಬಾರದು. ಹಿಟ್ಟಿನ ಕೈಯಲ್ಲೇ ಗಂಡನ ಬೆನ್ನು ತಟ್ಟಿದಳು.

ಬೀಗರು ಬಂದರು. ಕಾಸಿಮಾಲಿ ದೊಡ್ಡಪ್ಪ ಬಂದರು, ಕಿವಿ ಅಷ್ಟಕ್ಕಷ್ಟೆ ಆದ್ದರಿಂದ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ನಾಜಿರಾ ಬಂದಳು. ಚಹಾ, ಕರಿದ ಹಿಟ್ಟಿನ ಬೌರ್ಸೋಕು, ಕೆನೆ ಎಲ್ಲ ಹರಡಿದ ಮೇಲೆ ಮೆದೆರ್‌ಬೆಕ್ ಡಿಸ್ಕು ಹಾಕುವ ಮುಂಚೆ ಒಂದು ಉಪನ್ಯಾಸ ಕೊಟ್ಟ. ಶಬ್ದ ಹೇಗೆ ಜಾರಿತ್ತು, ತಾನು ಅದನ್ನು ಹೇಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ತುಟಿಗೆ ಹೊಂದಿಸಿದೆ, ಇಂಥ ಹೊಂದಾಣಿಕೆ ನಗರದ ಸ್ಟುಡಿಯೋದವರಿಂದಲೂ ಆಗದು, ಇತ್ಯಾದಿ. ಬೀಗಿತ್ತಿ ತಲೆಯಾಡಿಸುತ್ತ ಕೇಳಿದಳು.

ಚಿತ್ರ ಶುರುವಾಯಿತು. ಅಪಾ ಬಂದಳು, ಮುಖದ ಒಂದೊಂದು ಗೆರೆಯೂ ಕಾಣುವಷ್ಟು ಸ್ಪಷ್ಟ. "ನೋಡಿ, ಎಂಬತ್ತು ವರ್ಷದ ಸಂಪಾದನೆ. ಒಂದು ಸುಕ್ಕೂ ಬಿಟ್ಟಿಲ್ಲ ನನ್ನ ಮಗ," ಎಂದು ಅಪಾ ಬೀಗಿದಳು. ಆಮೇಲೆ ದೊಡ್ಡಪ್ಪ ಬಂದರು, ಗಡ್ಡದಲ್ಲಿ ಸಿಕ್ಕಿಕೊಂಡ ಶಾವಿಗೆಯ ಎಳೆಯೊಂದು ಮಾತು ಮಾತಿಗೂ ತೂಗಾಡುತ್ತಿತ್ತು. ದೊಡ್ಡಪ್ಪ ಟೀವಿ ನೋಡುತ್ತ ತಮ್ಮ ಗಡ್ಡ ಸವರಿಕೊಂಡರು. ಆಮೇಲೆ ಬೀಗಿತ್ತಿ. ಪೌಡರು ಗಲ್ಲದವರೆಗೆ ಬಂದು ಅಲ್ಲಿ ಗಡಿರೇಖೆ ಎಳೆದಂತೆ ನಿಂತಿತ್ತು, ಗಲ್ಲದ ತುದಿಯಲ್ಲಿ ಮೂರು ಕೂದಲು ಗಾಳಿಗೆ ಅಲುಗಾಡುತ್ತಿದ್ದವು. ಅದರ ಬೆನ್ನಿಗೇ ಮಸುಕು ಮಸುಕಾಗಿ ನಾಜಿರಾ ಬಂದಳು. ಮೊಡವೆಯಿಲ್ಲ, ಕಲೆಯಿಲ್ಲ, ಮಂಜಿನಲ್ಲಿ ಮಿಂದ ಸಿನಿಮಾ ತಾರೆ!

"ಬೀಗರೇ," ಎಂದಳು ಉಮ್ಸುನಾಯ್, "ನಿಮಗೆ ನಾವು ಏನು ಕಡಿಮೆ ಮಾಡಿದ್ವಿ ಅಂತ ಈ ಸೇಡು?"

"ಸೇಡಲ್ಲ ಬೀಗಿತ್ತಿ, ಗೌರವ! ನಿಮಗೆ ಸೊಂಟದ ಎಲುಬು ಕೊಟ್ಟಿದೀನಿ!"

"ಇಂಥ ಎಲುಬನ್ನ ನಿಮ್ಮ ನಾಯಿಗೆ ಹಾಕಿ. ನನಗೆ ಆ ಹುಡುಗಿಗೆ ಕೊಟ್ಟಿದ್ದನ್ನ ಕೊಡಿ!"

"ನನ್ನದೂ ಅದೇ ಮಾಡು," ಎಂದರು ದೊಡ್ಡಪ್ಪ, ಶಾವಿಗೆಯನ್ನು ನೆನೆದು.

ಮೆದೆರ್‌ಬೆಕ್ ಬೆವರಿದ. ಆದರೂ ಎದೆಗುಂದಲಿಲ್ಲ, ಯಾಕೆಂದರೆ ಮುಂದಿನದು ಅವನ ಭಾಷಣ. ಅದೊಂದು ಬಂದರೆ ಎಲ್ಲರ ಬಾಯಿ ಕಟ್ಟುತ್ತದೆ. ಬಂತು. ಟೀವಿ ತುಂಬ ಮೆದೆರ್‌ಬೆಕ್, ಟೊಪ್ಪಿಯ ಹೊಲಿಗೆ ಎಣಿಸಬಹುದಾದಷ್ಟು ಸ್ಪಷ್ಟ. "ಅಮ್ಮಾ, ನಿನ್ನ ಒಲೆಯ ಬೂದಿಯಲ್ಲೇ ನಮ್ಮೆಲ್ಲರ ಬಾಳು ಬೆಚ್ಚಗಾಯಿತು," ಎಂದು ಆ ಭವ್ಯ ಕಂಠ ಮೊಳಗಿತು. ಅಪಾ ಕಣ್ಣೊರೆಸಿಕೊಂಡಳು.

ಮೊದಲು ಬಾಯಿ ಬಿಟ್ಟದ್ದು ದೊಡ್ಡಪ್ಪ. ಅರೆಕಿವುಡರಿಗೆ ಜನರ ತುಟಿ ನೋಡುವ ಅಭ್ಯಾಸ ಇರುತ್ತದೆ.

"ಇದೇನೋ ಮೆದೆರ್, ಎಲ್ಲಾನೂ ಎರಡೆರಡು ಸಲ ಹೇಳ್ತಾ ಇದೀರಲ್ಲೋ? ಮೊದಲು ಸೊಸೆ ಹೇಳ್ತಾಳೆ, ಆಮೇಲೆ ನೀನು!"

ಎಲ್ಲರೂ ಮುಂದಕ್ಕೆ ಬಗ್ಗಿದರು. ಮೆದೆರ್‌ಬೆಕ್‌ನ ಭುಜದ ಹಿಂದೆ ಚಹಾಪಾತ್ರೆ ಹಿಡಿದು ನಿಂತಿದ್ದ ಶಾರಿಪಾ, ಅವನ ಪಾಲಿನ ಸೊಂಟದ ಎಲುಬಿನಲ್ಲಿ ತಾನೂ ಅಷ್ಟೇ ಸ್ಪಷ್ಟವಾಗಿ ಬಂದುಬಿಟ್ಟಿದ್ದಳು. ಅವಳ ತುಟಿ ಆಡುತ್ತಿತ್ತು, ಮೊಲದ ನಾಟಕದ ಮಕ್ಕಳಿಗೆ ಮಾತು ಹೇಳಿಕೊಡುವಾಗ ಆಡುವ ಹಾಗೆ. ಅದು ನಿಂತ ಕೂಡಲೇ ಮೆದೆರ್‌ಬೆಕ್‌ನ ಬಾಯಿ ತೆರೆಯುತ್ತಿತ್ತು. ಆ ಭಾಷಣ ಕಟ್ಟಿಕೊಟ್ಟದ್ದು ಅವಳು ಎಂಬುದೇ ಇಷ್ಟು ದಿನದ ಹೊಗಳಿಕೆಯಲ್ಲಿ ಅವನಿಗೆ ಮರೆತು ಹೋಗಿತ್ತು.

"ಅದು... ತಾಂತ್ರಿಕ ದೋಷ," ಎಂದ ಅವನು. "ಶಬ್ದ ಸ್ವಲ್ಪ ಹಿಂದೆಮುಂದೆ..."

"ಎಲ್ಲಿ ಬೀಗರೇ?" ಉಮ್ಸುನಾಯ್ ಜೇನು ಸುರಿಸಿದಳು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂತ ಈಗಷ್ಟೇ ಹೇಳಿದ್ರಲ್ಲ. ಮತ್ತೊಂದ್ಸಲ ಹಾಕಿ, ನೋಡೋಣ."

ಮತ್ತೊಂದು ಸಲ ಅಲ್ಲ, ಮೂರು ಸಲ ಹಾಕಿಸಿದರು. ನಾಜಿರಾ ನಗು ತಡೆಯಲಾರದೆ ದಿಂಬು ಕಚ್ಚಿದಳು. ಗಂಡನ ಮುಖ ನೋಡಲಾಗದೆ ಶಾರಿಪಾ ಅವನ ಪರ ವಹಿಸಿದಳು. "ನಗಬೇಡಿ ದೊಡ್ಡಪ್ಪ, ನಾನು ಹೇಳಿದ್ರೆ ಯಾರು ಅಳ್ತಿದ್ರು? ಅಂಥಾ ಕಂಠ ಇರೋ ಗಂಡ ಯಾರಿಗಿದಾನೆ ಹೇಳಿ. ನನ್ನ ಮಾತು ಅವರ ದನೀಲಿ ಕೇಳೋದು ಅಂದ್ರೆ ನನಗೆ ಹೆಮ್ಮೆ," ಎಂದಳು. ಅದು ಮನಸ್ಸಿನಾಳದ ಮಾತೇ. ಆದರೆ ಗಾಯಕ್ಕೆ ಉಪ್ಪು ಹಾಕಿದಂತಾಯಿತು.

ಮೆದೆರ್‌ಬೆಕ್ ಎದ್ದು ನಿಂತ. ಹೆಂಡತಿ ಹೇಳಿಕೊಡದೆಯೂ ತನಗೆ ಮಾತಾಡಲು ಬರುತ್ತದೆ ಎಂದು ಇವತ್ತೇ, ಈಗಲೇ, ಬೀಗರ ಎದುರೇ ತೋರಿಸಬೇಕು. ಚಹಾ ಬಟ್ಟಲು ಎತ್ತಿ ಹಿಡಿದ, ಗಂಟಲು ಸರಿಮಾಡಿಕೊಂಡ. "ಮಾನ್ಯ ಬೀಗರೇ, ಬಂಧುಗಳೇ..."

ಅಷ್ಟೇ ಬಂತು. ಮುಂದಿನದು ಬರಲಿಲ್ಲ. ಎಲ್ಲರೂ ಕಾದರು, ಆದರೆ ಅವನ ಮುಖ ನೋಡುತ್ತ ಅಲ್ಲ. ದೊಡ್ಡಪ್ಪ, ಬೀಗರು, ಬೀಗಿತ್ತಿ, ನಾಜಿರಾ, ಕೊನೆಗೆ ಅಪಾ ಕೂಡ ಕತ್ತು ತಿರುಗಿಸಿ ಶಾರಿಪಾಳ ತುಟಿಯನ್ನೇ ನೋಡುತ್ತ ಕೂತರು. ಅವಳು ಕೆಂಪೇರಿದಳು. ತಲೆ ತಗ್ಗಿಸಿ, ಯಾರಿಗೂ ಕೇಳಿಸದಂತೆ, ಗಂಡನಿಗೆ ಒಂದೇ ಒಂದು ಮಾತು ಉಸಿರಿದಳು.

ಅಷ್ಟು ವರ್ಷದ ಅಭ್ಯಾಸ ಒಂದೇ ದಿನಕ್ಕೆ ಎಲ್ಲಿ ಹೋಗುತ್ತದೆ? ಮೆದೆರ್‌ಬೆಕ್ ಎದೆ ಸೆಟೆಸಿ, ಬಸ್ ನಿಲ್ದಾಣವೇ ನಡುಗುವ ಕಂಠದಲ್ಲಿ ಸಾರಿದ:

"ಸಾಕು, ಕೂತ್ಕೊಳ್ಳಿ!"

ಎಲ್ಲರೂ ಕೂತೇ ಇದ್ದರು. ನಿಂತಿದ್ದವನು ಅವನೊಬ್ಬನೇ.