ಕಣ್ಣಿಗೆ ಕಾಣದ ಮುಚ್ಚಳಗಳು

ಅದೊಂದು ಸಾದಾ ಮಂಗಳವಾರ. ನಾನು ಖಾನಾಪುರದ ಶಾಲೆಯಲ್ಲಿ ಆರನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಮಚ್ಛೆಯ ತನ್ನ ಪುಟ್ಟ ಕಾರ್ಖಾನೆಯಲ್ಲಿ ನನ್ನ ಹೆಂಡತಿ ಯಂತ್ರ ನಿಲ್ಲಿಸಿ, ಚಹಾ ತರಲು ಹೇಳಿ, ಸ್ಟೂಲಿನ ಮೇಲೆ ಕುಳಿತಳು. ಚಹಾ ಬರುವಷ್ಟರಲ್ಲಿ ಅವಳ ಹೃದಯ ನಿಂತಿತ್ತು.

ನೀರು ಪರೀಕ್ಷಿಸುವ ಉಪಕರಣಗಳಿಗೆ ಅವಳು ಅಂಗೈ ಅಗಲದ ಅಕ್ರಿಲಿಕ್ ಮುಚ್ಚಳ ಮಾಡುತ್ತಿದ್ದಳು. ನೋಡಲು ಗಾಜಿನಂಥದು; ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಜೊತೆಗಿದ್ದವರು ಇಬ್ಬರೇ: ಯಂತ್ರ ನಡೆಸುವ ಚಾಚಾ, ಪಾಲಿಶ್ ಮಾಡುವ, ಕಾಕತಿ ಊರಿನ ಅಕ್ಕ. ನನ್ನ ಹೆಂಡತಿಯನ್ನು ಎಲ್ಲರೂ 'ಬಾಯಾರು' ಎನ್ನುತ್ತಿದ್ದರು. ಹನ್ನೆರಡು ಮುಚ್ಚಳಗಳ ಆರ್ಡರ್ ಶುರುವಿನಲ್ಲೇ ನಿಂತಿತ್ತು. ಗಿರಾಕಿ ಫೋನಿನಲ್ಲಿ ಸಂತಾಪ ಹೇಳಿ, "ಈ ಹನ್ನೆರಡು ಮುಚ್ಚಳಾ ಬಾಯಾರ ಕೈಯಾಗ ಬಂದಂಗ ಬಂದ್ರ ಕೆಲಸ ಮುಂದುವರಸೂಣು ಸರ್. ಇಲ್ಲಂದ್ರ ನಾವು ಬ್ಯಾರೆ ಕಡೆ ನೋಡಬೇಕಾಗತೈತಿ" ಎಂದರು. ನಮಗೆ ಬೇರೆ ಗಿರಾಕಿ ಇರಲಿಲ್ಲ.

ಹಾಗಾಗಿ ದಿನಾ ಶಾಲೆ ಬಿಟ್ಟ ಮೇಲೆ ಮಚ್ಛೆಯಲ್ಲಿ ಬಸ್ಸಿಳಿಯತೊಡಗಿದೆ. ನಗುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಆದರೂ ನಗುವ ಪ್ರಸಂಗಗಳು ನಡೆಯುತ್ತಲೇ ಹೋದವು. ನಡೆಸಿಕೊಟ್ಟವರಿಗೆಲ್ಲ ನಾನು ಋಣಿ. ಹೆಚ್ಚಿನವನ್ನು ನಡೆಸಿಕೊಟ್ಟವನು ನಾನೇ.

ಗೊರಕೆ

ಮೊದಲ ದಿನ ಗೆರೆ ಹಾಕಿದ ವಹಿ ಒಯ್ದಿದ್ದೆ. "ಚಾಚಾ, ಕಟರ್ ಎಷ್ಟು ವೇಗದಲ್ಲಿ ತಿರುಗಬೇಕು? ನಿಖರವಾಗಿ ಹೇಳಿ."

"ವೇಗ ಬಿಡ್ರಿ ಮಾಸ್ತರ, ದನಿ ಕೇಳ್ರಿ. ಹಾಡಾಕತ್ತಿದ್ರ ಛಲೋ ಕೊಯ್ಯಾಕತ್ತೈತಿ. ಗೊರಕಿ ಹೊಡದ್ರ ಮಾಲು ಕರಗಾಕತ್ತೈತಿ ಅಂತ ತಿಳೀರಿ."

ಎರಡನ್ನೂ ಬರೆದುಕೊಂಡು ಯಂತ್ರದ ಪಕ್ಕ ಕಿವಿಗೊಟ್ಟು ಕುಳಿತೆ. ಅರ್ಧ ಗಂಟೆಗೆ ಸ್ಪಷ್ಟವಾಗಿ ಕೇಳಿಸಿತು. "ಚಾಚಾ, ಗೊರಕೆ! ನಿಲ್ಲಿಸಿ!" ಚಾಚಾ ಹೌಹಾರಿ ಸ್ವಿಚ್ ಒತ್ತಿದರು. ಯಂತ್ರ ನಿಂತಿತು. ಗೊರಕೆ ನಿಲ್ಲಲಿಲ್ಲ. ಗೋಡೆಯ ಆಚೆ ಬಾಜೂ ಕಾರ್ಖಾನೆಯ ವಾಚ್‌ಮನ್ ಮಲಗಿದ್ದ.

ಕುಡಿದು ಕೆಟ್ಟದ್ದು

ನಮ್ಮಲ್ಲಿದ್ದ ಅಕ್ರಿಲಿಕ್ ಹಲಗೆ ಹದಿನಾಲ್ಕು ಮುಚ್ಚಳಗಳಿಗೆ ಸಾಲುವಷ್ಟಿತ್ತು. ಅಂದರೆ ಎರಡು ಕೆಟ್ಟರೂ ನಡೆಯುತ್ತಿತ್ತು. ಆ ಎರಡನ್ನೂ ನಾನೊಬ್ಬನೇ ಮುಗಿಸಿದೆ.

ಕೊರೆದ ಮುಚ್ಚಳಗಳ ಮೇಲೆ ಬೆರಳಿನ ಗುರುತು ಕಂಡಿತು. ಸ್ವಚ್ಛತೆಯ ಪಾಠ ಮಾಡುವವನು ಸುಮ್ಮನಿರಲಾರೆ. ಔಷಧ ಅಂಗಡಿಯಿಂದ ಸ್ಪಿರಿಟ್ ತಂದು, ಹತ್ತಿಯಲ್ಲಿ ಅದ್ದಿ, ಎರಡನ್ನು ಚೆನ್ನಾಗಿ ಒರೆಸಿಟ್ಟೆ. ಸ್ವಲ್ಪ ಹೊತ್ತಿಗೆ ತೂತುಗಳ ಸುತ್ತ ಜೇಡರ ಬಲೆಯಂಥ ಬಿರುಕುಗಳು ತಾವಾಗಿ ಹರಡಿದವು. ಒರೆಸಿಟ್ಟ ಮೇಲೆ ನಾನು ಕೈ ಕೂಡ ಹಚ್ಚಿರಲಿಲ್ಲ.

ಚಾಚಾ ಬಂದು ಮುಚ್ಚಳ ಮೂಸಿದರು. ಬೈಯಲಿಲ್ಲ. "ಇದಕ್ಕ ಸಾಬೂನು ನೀರು ಸಾಕ್ರಿ ಮಾಸ್ತರ. ಸ್ಪಿರಿಟ್ ತಾಳೂದಿಲ್ಲ."

ಅಕ್ಕ ಒಳಗಿನಿಂದಲೇ ಅಂದಳು: "ಬಾಯಾರು ಇಷ್ಟ ವರ್ಷ ಕಾರಖಾನಿ ನಡಸಿದ್ರು, ಒಬ್ಬರನ್ನೂ ಕುಡ್ಯಾಕ ಬಿಡಲಿಲ್ಲ. ಮಾಸ್ತರ ಬಂದ್ರು, ಮಾಲಿಗೇ ಕುಡಿಸಿದ್ರು."

ಅಕ್ಷತೆ

ಅಕ್ರಿಲಿಕ್ ಕೊರೆದಾಗ ಉದುರುವ ಬಿಳಿಯ ಚೂರುಗಳು ಮೈಗೆ ಅಂಟಿಕೊಂಡರೆ ಝಾಡಿಸಿದಷ್ಟೂ ಮತ್ತೆ ಬಂದು ಅಂಟುತ್ತವೆ. ಒಂದು ಸಂಜೆ ಹಾಗೆಯೇ ಮನೆಗೆ, ಸದಾಶಿವನಗರಕ್ಕೆ, ಹೊರಟೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ನನ್ನ ತಲೆ, ಹೆಗಲು ನೋಡಿ ಮರಾಠಿಯಲ್ಲಿ ಕೇಳಿದಳು: "ಲಗ್ನಾಹೂನ ಆಲಾತ ಕಾ?"

ಮದುವೆಯಿಂದಲ್ಲ, ಕಾರ್ಖಾನೆಯಿಂದ ಬಂದೆ ಎಂದೆ. ಅಜ್ಜಿ ಕನ್ನಡಕ್ಕೆ ಹೊರಳಿದಳು. "ಲಗ್ನಾನೂ ಒಂದ ಕಾರಖಾನೀನ ಬಿಡ್ರಿ. ತಡೀರಿ, ಝಾಡಸ್ತೀನಿ. ಮನ್ಯಾಗ ಹೆಂಡ್ತಿ ಬೈದಾಳು."

ನಾನು ತಲೆ ಬಗ್ಗಿಸಿದೆ. ಅವಳು ಅಕ್ಕರೆಯಿಂದ ಒಂದೊಂದೇ ಚೂರು ಆರಿಸಿದಳು. ಆರಿಸಿದ್ದೆಲ್ಲ ಅವಳ ಸೆರಗಿಗೆ ಹೋಗಿ ಕುಳಿತಿತು. ಬೆಳಗಾವಿ ಬರುವಷ್ಟರಲ್ಲಿ ಇಬ್ಬರೂ ಒಂದೇ ಮದುವೆಯಿಂದ ಬಂದವರಂತಿದ್ದೆವು.

ಹಾಜರಿ

ಪಾಲಿಶ್ ಮುಗಿದ ದಿನ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಹಲಗೆ ಪೂರಾ ಮುಗಿದಿತ್ತು, ಮರುದಿನ ತಪಾಸಣೆ. ಚಾಚಾ ಯಂತ್ರದ ಕೆಳಗೆ ಮಲಗಿ ಹುಡುಕಿದರು. ನಾನು ನನ್ನ ಚೀಲವನ್ನೇ ಎರಡು ಸಲ ಜಪ್ತಿ ಮಾಡಿದೆ. ತೊಳೆಯುವ ಬಕೆಟ್ಟಿನೊಳಗೆ ಮೂವರೂ ಇಣುಕಿದೆವು: ತಿಳಿನೀರು, ಬೇರೇನಿಲ್ಲ.

ಕೊನೆಗೆ ಅಕ್ಕ ನೀರು ಚೆಲ್ಲಲು ಬಕೆಟ್ಟು ಬಗ್ಗಿಸಿದಳು. ಟಕ್ಕೆಂದು ಸದ್ದಾಯಿತು. ಕೈ ಹಾಕಿ ಹನ್ನೆರಡನೆಯದನ್ನು ಎತ್ತಿ ಹಿಡಿದಳು.

"ಇಕಾ ಮಾಸ್ತರ, ಹಾಜರ್ ಐತ್ರಿ! ನೀವು ಹೆಸರು ಕರೀಲಿಲ್ಲ, ಅದು ಓ ಅನ್ನಲಿಲ್ಲ."

ಸಹಿ

ಗಿರಾಕಿಯ ಕಡೆಯಿಂದ ತಪಾಸಣೆಗೆ ಬಂದ ಸಾಹೇಬರು ನಗುವ ಪೈಕಿಯವರಲ್ಲ. ನಾನು ಬರೆದಿಟ್ಟ ಅಳತೆಗಳ ಹಾಳೆಯನ್ನು ಕೈಗೆತ್ತಿಕೊಳ್ಳದೆ, ಮೇಜಿನ ಮೇಲಿದ್ದಂತೆಯೇ ಬಗ್ಗಿ ಓದಿದರು. ಚಾಚಾ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಲೇ ಇದ್ದರು. ಅಕ್ಕನ ಕೈಯಲ್ಲಿ ಒರೆಸುವ ಬಟ್ಟೆ ಹಿಂಡಿ ಹಿಂಡಿ ಹಗ್ಗವಾಗಿತ್ತು.

"ಅಕ್ಷರ ಭಾಳ ಚಂದ ಅದಾವ ಸರ್. ಓದೀನಿ ಅಂತ ಮೊದಲ ಸಹಿ ಮಾಡ್ತೀನಿ. ಆಮ್ಯಾಲ ಮಾಲು ತೋರಸ್ರಿ" ಎಂದು ಸಾಹೇಬರು ಪೆನ್ನು ತೆಗೆದರು.

ಪೆನ್ನು ಜಾರಿತು. ಮತ್ತೊಮ್ಮೆ ಒತ್ತಿದರು. ಮತ್ತೆ ಜಾರಿತು. ಸಾಹೇಬರು ಹುಬ್ಬು ಗಂಟಿಕ್ಕಿದರು. "ಏನ್ ಸರ್, ನಿಮ್ಮ ಹಾಳಿಗೆ ಎಣ್ಣಿ ಹತ್ತೇತೇನು?"

ಅಕ್ಕ ತಡೆಯದಾದಳು. "ಯಪ್ಪಾ, ಪೆನ್ನ ತಗೀರಿ ಮೊದಲ! ಅದು ಹಾಳಿ ಅಲ್ರಿ, ನಮ್ಮ ಮುಚ್ಚಳ. ಹಾಳಿ ಅದರ ಬುಡಕ ಐತಿ. ಎರಡ ದಿನ ತಿಕ್ಕೀನಿ, ಗೀರು ಬಿದ್ರ ಯಾರು ತಿಕ್ಕವ್ರು?"

ಚಾಚಾ ಮೆಲ್ಲಗೆ ಸೇರಿಸಿದರು: "ಇಷ್ಟೊತ್ತು ಅದರಾಗಿಂದನ ಓದೀರಿ ಸಾಹೇಬ್ರ."

ಸಾಹೇಬರು ಬೆರಳಿನಿಂದ ಮುಟ್ಟಿ ನೋಡಿದರು. ಕನ್ನಡಕ ತೆಗೆದರು. ಆಮೇಲೆ ನಗಲು ಶುರುಮಾಡಿದವರು ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಅಕ್ಕ ಸಾಬೂನು ನೀರಿನಿಂದ ಶಾಯಿ ಒರೆಸಿ, ಬೆಳಕಿಗೆ ಹಿಡಿದು, ಗೀರಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರನ್ನು ಕ್ಷಮಿಸಿದಳು. ಹನ್ನೆರಡನ್ನೂ ಅಳೆದು, ಈ ಸಲ ಹಾಳೆಯನ್ನು ಕೈಯಿಂದ ಸವರಿ ನೋಡಿ, ಸಾಹೇಬರು ಸಹಿ ಮಾಡಿದರು.

ಮುಂದಿನ ಸೋಮವಾರ ಇನ್ನೂ ಇಪ್ಪತ್ತನಾಲ್ಕು ಮುಚ್ಚಳಗಳ ಆರ್ಡರ್ ಬಂತು. ಲಕೋಟೆಯ ಮೇಲೆ ಈಗಲೂ ನನ್ನ ಹೆಂಡತಿಯ ಹೆಸರೇ ಇತ್ತು.