ಒಲೆಗೂಡಿಗೊಂದು ಪ್ಲಗ್ ಪಾಯಿಂಟ್

ನಂಜನಗೂಡಿನಲ್ಲಿ ನಾವು ಬಾಡಿಗೆಗಿದ್ದ ಹಳೇ ಮನೆಯ ಅಡುಗೆಮನೆಯಲ್ಲಿ ದೊಡ್ಡದೊಂದು ಸೌದೆ ಒಲೆಯ ಗೂಡಿತ್ತು. ಮೇಲೆ ಹೊಗೆ ಹೋಗಲು ಚಿಮಣಿ. ಗ್ಯಾಸ್ ಬಂದ ಮೇಲೆ ಅಲ್ಲಿ ಯಾರೂ ಬೆಂಕಿ ಹಚ್ಚಿರಲಿಲ್ಲ. ಹೊಸ ಗ್ರೈಂಡರ್ ತಂದಾಗ, ಆ ಗೂಡೇ ಅದಕ್ಕೆ ತಕ್ಕ ಜಾಗವೆಂದು ನನ್ನ ಹೆಂಡತಿ ಗಿರಿಜಾ ತೀರ್ಮಾನಿಸಿದಳು. ಆದರೆ ಪ್ಲಗ್ ಪಾಯಿಂಟ್ ಇದ್ದದ್ದು ನಡುಮನೆಯಲ್ಲಿ!

"ಎಲೆಕ್ಟ್ರಿಷಿಯನ್ ಕರೀರಿ," ಎಂದಳು.

"ಎರಡು ತಂತಿ, ನಾಲ್ಕು ಸ್ಕ್ರೂ. ಇಷ್ಟಕ್ಕೆ ಎಲೆಕ್ಟ್ರಿಷಿಯನ್ ಯಾಕೆ?" ಎಂದೆ. ಕಚೇರಿಯಲ್ಲಿ ಎಂತೆಂಥ ಜಟಿಲ ಕಡತಗಳನ್ನು ವಿಲೇವಾರಿ ಮಾಡಿದ ಗುಮಾಸ್ತ ನಾನು!

ಭಾನುವಾರ ಬೆಳಿಗ್ಗೆ ಮೇನ್ ಆಫ್ ಮಾಡಿದೆ. ಸಮಾಧಾನವಾಗದೆ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಒಲೆಯ ಮೇಲಿದ್ದ ಬಲ್ಬಿನ ತಂತಿಯನ್ನು ಗೂಡಿನೊಳಕ್ಕೆ ಎಳೆದುಕೊಂಡು, ನಾನೂ ತೂರಿ ಕುಕ್ಕರುಗಾಲಲ್ಲಿ ಕೂತೆ.

ಆಗ ಶುರುವಾಯಿತು ಭಯ. ಒಳಗೆಲ್ಲ ಕತ್ತಲೆ. ಮೂಗಿನ ಮುಂದೆ ಹಾವಿನ ನಾಲಗೆಯಂತೆ ಎರಡು ತಂತಿ. ಫ್ಯೂಸ್ ಕಿತ್ತರೂ ಒಳಗೆ ಸ್ವಲ್ಪ ಕರೆಂಟ್ ಉಳಿದಿದ್ದರೆ? ನಲ್ಲಿ ನಿಲ್ಲಿಸಿದ ಮೇಲೂ ಪೈಪಿನಲ್ಲಿ ನೀರಿರುತ್ತದಲ್ಲ!

"ಗಿರಿಜಾ, ಇನ್ಶೂರೆನ್ಸ್ ಪಾಲಿಸಿ ಬೀರುವಿನ ಮೇಲಿನ ಅರೆಯಲ್ಲಿದೆ."

"ಅಷ್ಟು ಹೆದರಿಕೆ ಆದ್ರೆ ಈಚೆ ಬನ್ರೀ."

"ಹೆದರಿಕೆಯಾ? ನನಗಾ?" ಎಂದೆ. ಗೂಡಿನೊಳಗೆ ಗುಂಯ್‌ಗುಟ್ಟಿದ ನನ್ನ ದನಿಗೆ ನಾನೇ ಬೆಚ್ಚಿದೆ.

ಸ್ಕ್ರೂಗೆ ತೂತು ಮಾಡಲು ಗೋಡೆಗೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದೆ. ಮೂರನೇ ಏಟಿಗೆ ಚಿಮಣಿಯ ಹಳೇ ಮಸಿಯೆಲ್ಲ ನನ್ನ ತಲೆಯ ಮೇಲೆ! ಅದರ ಜೊತೆಗೆ ಒಂದು ಅಳಿಲು. ಅದು ನನ್ನ ಕಾಲರಿನೊಳಗೆ ಇಳಿಯುವುದಕ್ಕೂ ಕೈ ತಂತಿಗೆ ತಾಗುವುದಕ್ಕೂ ಸರಿಹೋಯಿತು. ಕತ್ತಿನಿಂದ ಬೆನ್ನಿನವರೆಗೆ ಜುಂ ಎಂದಿತು. ಮುಗಿಯಿತು, ಕರೆಂಟ್ ಹೊಡೆಯಿತು! ಕೂಗಲು ಬಾಯಿ ತೆರೆದೆ. ಬಾಯಿ ತುಂಬ ಮಸಿ.

ಗಿರಿಜಾ ಬಗ್ಗಿ ನೋಡಿದಳು. ಗಡಗಡ ನಡುಗುವ ಕಪ್ಪು ಆಕೃತಿ ಕಂಡಿತು.

"ಅಯ್ಯೋ! ನಮ್ಮೆಜಮಾನ್ರು ಸುಟ್ಟು ಕರಕಲಾಗೋದ್ರು!"

ಪಕ್ಕದ ಮನೆಯ ಬಾಳೆಹಣ್ಣಿನ ವ್ಯಾಪಾರಿ ಮಾದಪ್ಪ ಓಡಿ ಬಂದರು. "ಯಾರೂ ಮುಟ್‌ಬ್ಯಾಡಿ ಕಣ್ರವ್ವಾ! ಕರೆಂಟು ಇಡ್ಕಂಡೈತೆ, ಎಂಗೆ ನಡುಗ್ತಾವ್ರೆ ನೋಡಿ! ಒಣಗಿದ್ ಕೋಲು ಕೊಡಿ!"

ಬೇಡ ಬೇಡವೆಂದು ಕೈ ಆಡಿಸಿದೆ.

"ಅಯ್ಯಯ್ಯೋ, ಜಾಸ್ತಿ ಆಯ್ತಾ ಅದೆ!" ಎಂದು ಕೈಗೆ ಸಿಕ್ಕ ಕೋಲಿನಿಂದ ಭುಜಕ್ಕೊಂದು ಬಿಟ್ಟರು. ನಾನು ಇನ್ನಷ್ಟು ನಡುಗಿದೆ. ಇನ್ನೊಂದು ಬಿಟ್ಟರು. ಮೂರನೆಯದಕ್ಕೆ ಗೂಡಿನಿಂದ ಹೊರಗೆ ಉರುಳಿದೆ. ಅಂಗಿಯ ತೋಳಿನಿಂದ ಅಳಿಲು ಹಾರಿ ಹಿತ್ತಲಿಗೆ ಓಡಿತು.

ನಾನು ಕಣ್ಣು ಮುಚ್ಚಿಯೇ ಬಿದ್ದಿದ್ದೆ. ಸತ್ತಿದ್ದೇನೋ ಬದುಕಿದ್ದೇನೋ ಇನ್ನೂ ಖಚಿತವಾಗಿರಲಿಲ್ಲ. ಗಿರಿಜಾ ಅಳುತ್ತಲೇ ಎದೆ ಮುಟ್ಟಿ ನೋಡಿದಳು. ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಅಳು ನಿಂತಿತು.

"ಫ್ಯೂಸು ಜೇಬಲ್ಲೇ ಇದೆಯಲ್ರೀ!"

ಮಾದಪ್ಪ ಕೋಲನ್ನು ಗೋಡೆಗೊರಗಿಸಿ ಮೆಲ್ಲಗೆ ಕೇಳಿದರು: "ಅಂಗಾರೆ ಸಾ, ನಾನು ಒಡುದ್ದು ಯಾವ ಕರೆಂಟ್ಗೆ?"

ನಾನು ಭುಜ ನೀವಿಕೊಂಡೆ. ಮೈತುಂಬ ಬಾಸುಂಡೆಯಿತ್ತು.

ಮರುದಿನ ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿದ. ಆ ಮನೆಯಲ್ಲಿದ್ದಷ್ಟು ವರ್ಷವೂ ಆ ಗ್ರೈಂಡರಿನ ಸ್ವಿಚ್ ಒತ್ತಿದವಳು ಗಿರಿಜಾಳೇ. ಅವಳು ಅತ್ತ ಕೈ ಚಾಚಿದಳೆಂದರೆ ನನಗೆ ಬೀದಿಯಲ್ಲಿ ಏನಾದರೊಂದು ತುರ್ತು ಕೆಲಸ ಬಂದುಬಿಡುತ್ತಿತ್ತು. ಗ್ರೈಂಡರ್ ನಿಂತ ಸದ್ದು ಕೇಳಿದ ಮೇಲೆಯೇ ಒಳಗೆ ಬರುತ್ತಿದ್ದೆ. ದೋಸೆ ತಿನ್ನಲು ಮಾತ್ರ ನಾನು ಎಂದೂ ಹೆದರಿದವನಲ್ಲ!